ನೆಲದ ಟಿಕೇಟು ಮತ್ತು ಎರಡು ಭಾಷೆಯ ಸಂಗೀತ ನಾಟಕ

ಗಡಿಯಾಚೆಯ ನಮ್ಮಂಥ ಕನ್ನಡ ಶಾಲೆಗಳಿಗೆ ನವೆಂಬರ್ ಬಂತೆಂದರೆ ನಾಲ್ಕು ದಿನದ ಅಂತರದಲ್ಲಿ ಎರಡು ಆಚರಣೆಗಳು. 1ನೇ ತಾರೀಖು ಕನ್ನಡ ರಾಜ್ಯೋತ್ಸವದ ನೆನಪು. 5ನೇ ತಾರೀಖು ಮರಾಠಿ ರಂಗಭೂಮಿ ದಿನ. ನಮ್ಮ ಜತ್ತ ತಾಲೂಕು ಸಾಂಗ್ಲಿ ಜಿಲ್ಲೆಗೆ ಸೇರಿದ್ದು. ಆ ದಿನ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರ ಹೆಸರಿನ ಗೌರವ ಪದಕವನ್ನು ಹಿರಿಯ ಕಲಾವಿದರೊಬ್ಬರಿಗೆ ಕೊಡುತ್ತಾರೆ. ತರಗತಿಯಲ್ಲಿ ಇದನ್ನು ಹೇಳಿದರೆ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಸರ್, ಒಂದನೇ ತಾರೀಖು ನಮ್ದು, ಐದನೇ ತಾರೀಖು ಅವರ್ದು, ಹೌದಲ್ರಿ?"

ಈ "ನಮ್ಮದು, ಅವರದು" ಎಂಬ ಲೆಕ್ಕ ಸಂಗೀತ ನಾಟಕಗಳ ಮಟ್ಟಿಗೆ ಎಷ್ಟು ಸರಿ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

1842ರ ಸುಮಾರಿಗೆ ಉತ್ತರ ಕನ್ನಡದ ಕರಾವಳಿ ಕಡೆಯ ಭಾಗವತ ಮೇಳವೊಂದು ಸಾಂಗ್ಲಿಗೆ ಬಂದು ಸಂಸ್ಥಾನಿಕರ ಮುಂದೆ ಆಟ ಆಡಿತು. ಅಂದಿನ ಸಂಸ್ಥಾನಿಕರು ಚಿಂತಾಮಣರಾವ ಅಪ್ಪಾಸಾಹೇಬ ಪಟವರ್ಧನರು. ಆಟ ನೋಡಿ ಮೆಚ್ಚಿದ ಅವರು, ಇಂಥದ್ದೇ ಮರಾಠಿಯಲ್ಲೂ ಆಗಬೇಕು ಎಂದು ತಮ್ಮಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಅದರಂತೆ 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ನಾಟಕವಾಯಿತು. ಮರಾಠಿ ರಂಗಭೂಮಿಯ ಆರಂಭ ಎಂದು ಮಹಾರಾಷ್ಟ್ರ ನೆನೆಯುವುದು ಈ ದಿನವನ್ನೇ. ಭಾವೆಯವರ ನಾಟಕದಲ್ಲಿ ಹಾಡುಗಳನ್ನೆಲ್ಲ ಸೂತ್ರಧಾರನೇ ಹಾಡುತ್ತಿದ್ದ, ಪಾತ್ರಧಾರಿಗಳು ಸಂದರ್ಭ ನೋಡಿ ತಾವೇ ಮಾತು ಕಟ್ಟಿ ಆಡುತ್ತಿದ್ದರು. ಯಕ್ಷಗಾನ ನೋಡಿದವರಿಗೆ ಇದು ಎಲ್ಲಿಂದ ಬಂದ ಪದ್ಧತಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಭಾಗವತ, ಇಲ್ಲಿ ಸೂತ್ರಧಾರ.

1851ರಲ್ಲಿ ಅಪ್ಪಾಸಾಹೇಬರು ತೀರಿಕೊಂಡರು. ಆಶ್ರಯ ತಪ್ಪಿತು. ಭಾವೆಯವರು ಮಂಡಳಿ ಕಟ್ಟಿಕೊಂಡು ಊರೂರು ತಿರುಗಬೇಕಾಯಿತು. 1853ರಲ್ಲಿ ಮುಂಬಯಿಗೆ ಹೋಗಿ ಟಿಕೇಟು ಹಚ್ಚಿ ನಾಟಕ ಆಡಿದರು. ನಾಟಕದ ಚರಿತ್ರೆ ಬರೆಯುವವರು ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುವುದುಂಟು. ಆದರೆ ನಮಗೆ ಇದೇ ದೊಡ್ಡ ತಿರುವು ಎನಿಸುತ್ತದೆ. ಅರಮನೆಯ ಆಟಕ್ಕೆ ಕರೆ ಬಂದವರು ಮಾತ್ರ ಹೋಗಬೇಕು. ಟಿಕೇಟಿನ ಆಟಕ್ಕೆ ಕಾಸು ಇದ್ದವರು ಯಾರಾದರೂ ಹೋಗಬಹುದು. ರಾಜನಿಲ್ಲದ ಮೇಲೆ ಕಲಾವಿದರ ಹೊಟ್ಟೆ ತುಂಬಿಸಬೇಕಾದವರು ಮುಂದಿನ ಖುರ್ಚಿಯ ನಾಲ್ಕು ಜನ ಸಾಹುಕಾರರಲ್ಲ, ಹಿಂದೆ ನೆಲದ ಮೇಲೆ ಕುಳಿತ ನೂರಾರು ಜನ. ಇಲ್ಲಿಂದಾಚೆಗೆ ಸಂಗೀತ ನಾಟಕದ ಕಥೆ ಎಂದರೆ ಈ ನೆಲದ ಟಿಕೇಟಿನ ಕಥೆಯೂ ಹೌದು.

ಈಗ ಅಣ್ಣಾಸಾಹೇಬ ಕಿರ್ಲೋಸ್ಕರರ ವಿಷಯಕ್ಕೆ ಬರೋಣ. ಇವರ ಪೂರ್ಣ ಹೆಸರು ಬಳವಂತ ಪಾಂಡುರಂಗ ಕಿರ್ಲೋಸ್ಕರ. ಹುಟ್ಟಿದ್ದು 1843ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 'ಸೀತಾ ಸ್ವಯಂವರ' ಆದ ವರ್ಷವೇ ಇವರು ಹುಟ್ಟಿದ್ದು ಒಂದು ಯೋಗಾಯೋಗ. ಪುಣೆಯಲ್ಲಿ ಪಾರ್ಸಿ ಕಂಪನಿಯವರ 'ಇಂದ್ರಸಭಾ' ನೋಡಿದ ಮೇಲೆ, ನಮ್ಮಲ್ಲೂ ಹಾಡಿನ ನಾಟಕ ಏಕಾಗಬಾರದು ಎಂದು ಅವರಿಗೆ ಹೊಳೆಯಿತಂತೆ. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ 'ಸಂಗೀತ ಶಾಕುಂತಲ' ರಂಗಕ್ಕೆ ಬಂತು. ಎರಡು ವರ್ಷಕ್ಕೆ, 1882ರಲ್ಲಿ, 'ಸೌಭದ್ರ' ಬಂತು.

ಕಿರ್ಲೋಸ್ಕರರು ಮಾಡಿದ ಬದಲಾವಣೆ ಇಷ್ಟೇ, ಆದರೆ ಬಹಳ ದೊಡ್ಡದು: ಸೂತ್ರಧಾರನ ಬಾಯಿಂದ ಹಾಡನ್ನು ತೆಗೆದು ಪಾತ್ರಗಳ ಬಾಯಿಗೆ ಕೊಟ್ಟರು. ಶಕುಂತಲೆಯ ದುಃಖವನ್ನು ಶಕುಂತಲೆಯೇ ಹಾಡತೊಡಗಿದಳು. 'ಶಾಕುಂತಲ'ದಲ್ಲಿ ಸುಮಾರು ಇನ್ನೂರು ಹಾಡುಗಳಿದ್ದವು ಎಂದರೆ ಆ ಕಾಲದ ಜನರ ಹಾಡಿನ ಹಸಿವನ್ನು ಊಹಿಸಿಕೊಳ್ಳಿ! ಇಷ್ಟೊಂದು ಹಾಡಿಗೆ ಮಟ್ಟುಗಳನ್ನು ಎಲ್ಲಿಂದ ತರಬೇಕು? ಕೀರ್ತನೆ, ಸಾಕಿ, ದಿಂಡಿ, ಲಾವಣಿ, ಹಿಂದೂಸ್ತಾನಿ ಚೀಜು, ಎಲ್ಲವೂ ಬಂದವು. ಜತೆಗೆ ಕನ್ನಡ ಪದಗಳ ಮಟ್ಟುಗಳೂ ಬಂದವು. ಬೆಳಗಾವಿ ಸೀಮೆಯಲ್ಲಿ ಬೆಳೆದವರ ಕಿವಿಯಲ್ಲಿ ಕನ್ನಡ ಪದ ಇಲ್ಲದಿರಲು ಸಾಧ್ಯವೇ? ಹಳೆಯ ಮರಾಠಿ ಸಂಗೀತ ನಾಟಕದ ಪುಸ್ತಕ ತೆರೆದರೆ ಪ್ರತಿ ಹಾಡಿನ ತಲೆಯ ಮೇಲೆ "ಚಾಲ" ಎಂದು ಬರೆದು, ಯಾವ ಹಾಡಿನ ಮಟ್ಟು ಎಂಬುದನ್ನು ಕೊಟ್ಟಿರುತ್ತಾರೆ. ಅಲ್ಲಿ ಕನ್ನಡ ಹಾಡಿನ ಮೊದಲ ಸಾಲು ದೇವನಾಗರಿಯಲ್ಲಿ ಅಚ್ಚಾಗಿರುವುದನ್ನು ಕಾಣಬಹುದು. ಸಾಲ ಪಡೆದವರು ಪತ್ರ ಬರೆದುಕೊಟ್ಟ ಹಾಗೆ.

ಇನ್ನೊಂದು ಸಂಗತಿ. ಕಿರ್ಲೋಸ್ಕರರ 'ಶಾಕುಂತಲ'ಕ್ಕೆ ಸುಮಾರು ಹತ್ತು ವರ್ಷ ಮೊದಲೇ, 1869-70ರ ಹೊತ್ತಿಗೆ, ಚುರಮುರಿ ಶೇಷಗಿರಿರಾಯರು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದಿದ್ದರು. ಅದರಲ್ಲೂ ಹಾಡುಗಳಿದ್ದವು. ಇದರಿಂದ ಅದು ಬಂತು ಎಂದು ವಾದ ಹೂಡುವುದು ನಮ್ಮ ಉದ್ದೇಶವಲ್ಲ. ಒಂದೇ ಸೀಮೆಯಲ್ಲಿ, ಒಂದೇ ಕಾಲದಲ್ಲಿ, ಎರಡು ಭಾಷೆಯ ಜನ ಒಂದೇ ರೀತಿಯ ಯೋಚನೆಯಲ್ಲಿದ್ದರು ಎಂಬುದು ಮುಖ್ಯ.

ಕೊಡುಕೊಳ್ಳುವುದರಲ್ಲಿ ಪೈಪೋಟಿಯೂ ಇತ್ತು. 1870ರ ದಶಕದಲ್ಲಿ ಮರಾಠಿ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಗದಗ ಎಂದು ಎಲ್ಲ ಕಡೆ ಆಡುತ್ತಿದ್ದವು. ಕನ್ನಡದ ಜನ ಮುಗಿಬಿದ್ದು ನೋಡುತ್ತಿದ್ದರು. ಇದನ್ನು ಕಂಡು ಮನಸ್ಸಿಗೆ ಹಚ್ಚಿಕೊಂಡವರು ಸಕ್ಕರಿ ಬಾಳಾಚಾರ್ಯರು, ಅಂದರೆ ನಮ್ಮ ಶಾಂತಕವಿಗಳು. ವೃತ್ತಿಯಿಂದ ಶಾಲಾ ಮಾಸ್ತರರು. ಮರಾಠಿ ನಾಟಕವನ್ನು ಬೈಯುತ್ತ ಕೂಡ್ರದೆ, ತಾವೇ 'ಉಷಾಹರಣ' ಬರೆದು, ಗದುಗಿನಲ್ಲಿ ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ ಕಟ್ಟಿ ಆಡಿಸಿದರು. ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಗೆ ಅಲ್ಲಿ ಬುನಾದಿ ಬಿತ್ತು. ಸರಕಾರಿ ಸಂಬಳದ ಮಾಸ್ತರರೊಬ್ಬರು ಇಷ್ಟು ಮಾಡಿದ್ದಾರಲ್ಲ ಎಂದು ನಮಗೆ ಯಾವಾಗಲೂ ಹೆಮ್ಮೆ.

1880ರ ದಶಕದಲ್ಲಿ ಸೋಲಾಪುರದ ಹತ್ತಿರದ ಹೊಟಗಿಯಿಂದ ವಿಜಯಪುರ, ಬಾಗಲಕೋಟೆ ಮೇಲೆ ಗದಗಿನವರೆಗೆ ಮೀಟರ್‌ಗೇಜ್ ರೈಲು ಹಳಿ ಬಿತ್ತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಪುಣೆಯಿಂದ ಮಿರಜ, ಬೆಳಗಾವಿ ಹಾದು ಹೋಗುವ ಹಳಿಯೂ ಬಂತು. ಪರದೆ, ಪೆಟ್ಟಿಗೆ, ಕಿರೀಟ, ಹಾರ್ಮೋನಿಯಂ ಹೇರಿಕೊಂಡು ಚಕ್ಕಡಿಯಲ್ಲಿ ತಿರುಗುತ್ತಿದ್ದ ಕಂಪನಿಗಳಿಗೆ ಇದು ವರವಾಯಿತು. ಮರಾಠಿ ಕಂಪನಿ ಹುಬ್ಬಳ್ಳಿಯಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಮಾಡುವುದು, ಕನ್ನಡ ಕಂಪನಿ ಸೋಲಾಪುರಕ್ಕೆ ಬರುವುದು ಸಾಮಾನ್ಯವಾಯಿತು. ಮರಾಠಿಯ ಹೆಸರಾಂತ 'ಲಲಿತಕಲಾದರ್ಶ' ಮಂಡಳಿಯನ್ನು ಕೇಶವರಾವ ಭೋಸಲೆಯವರು 1908ರ ಜನವರಿ 1ರಂದು ಆರಂಭಿಸಿದ್ದು ಮುಂಬಯಿಯಲ್ಲೂ ಅಲ್ಲ, ಪುಣೆಯಲ್ಲೂ ಅಲ್ಲ, ನಮ್ಮ ಹುಬ್ಬಳ್ಳಿಯಲ್ಲಿ!

ಹಾಡುವವರ ವಿಷಯವೂ ಹಾಗೆಯೇ. ಕುಂದಗೋಳದ ರಾಮಭಾವು ಮಿರಜದ ಅಬ್ದುಲ್ ಕರೀಮ್ ಖಾನರಲ್ಲಿ ಕಲಿತು, ಮರಾಠಿ ಕಂಪನಿಯಲ್ಲಿ ಸ್ತ್ರೀಪಾತ್ರ ಹಾಡಿ, ಸವಾಯಿ ಗಂಧರ್ವ ಎನಿಸಿಕೊಂಡರು. ಮುಂದೆ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಗುರುಗಳಾದವರು ಇವರೇ. ಮಲ್ಲಿಕಾರ್ಜುನ ಮನ್ಸೂರರು ಹುಡುಗರಿದ್ದಾಗ ವಾಮನರಾವ ಮಾಸ್ತರರ ಕನ್ನಡ ಕಂಪನಿಯಲ್ಲಿದ್ದರು. ಅವರಿಗೆ ಹಿಂದೂಸ್ತಾನಿ ಕಲಿಸಿದವರು ಮಿರಜದ ನೀಲಕಂಠಬುವಾ. ಮಿರಜ ನಮ್ಮ ಜಿಲ್ಲೆಯ ಊರು. ತಂಬೂರಿ, ಸಿತಾರ ಮಾಡುವ ಊರು. ಅಲ್ಲಿನ ಸ್ವರ ಧಾರವಾಡಕ್ಕೆ ಹೋಯಿತು, ಧಾರವಾಡದ ಕಂಠ ಪುಣೆಗೆ ಹೋಯಿತು.

ಇನ್ನು ಥಿಯೇಟರಿನ ಒಳಗೆ ಹೋಗೋಣ. ತಗಡಿನ ಶೆಡ್ಡು ಇಲ್ಲವೆ ತಟ್ಟಿ ಕಟ್ಟಿದ ಟೆಂಟು. ಮುಂದೆ ಖುರ್ಚಿ, ಅದರ ಹಿಂದೆ ಬೆಂಚು, ಕೊನೆಗೆ ನೆಲ. ಖುರ್ಚಿಗೆ ರೂಪಾಯಿಗಳ ಲೆಕ್ಕ, ನೆಲಕ್ಕೆ ಆಣೆಗಳ ಲೆಕ್ಕ. ಕರೆಂಟು ಇಲ್ಲದ ಊರಲ್ಲಿ ಗ್ಯಾಸ್‌ಬತ್ತಿಯ ಬೆಳಕು. ಮೈಕು ಇಲ್ಲ. ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಮತ್ತು ತಬಲಾ, ಇಷ್ಟೇ ಸಾಥಿ. ಕೊನೆಯ ಸಾಲಿನ ನೆಲದವನಿಗೆ ಹಾಡು ಮುಟ್ಟದಿದ್ದರೆ ಮರುದಿನ ಅವನು ಬರುವುದಿಲ್ಲ. ಆದ್ದರಿಂದ ನಟನ ಸ್ವರ ಏರು ಇರಬೇಕಿತ್ತು, ಉಚ್ಚಾರ ಸ್ಪಷ್ಟ ಇರಬೇಕಿತ್ತು. ರಂಗಗೀತೆಯನ್ನು ಇಂದಿಗೂ ಏರು ಶ್ರುತಿಯಲ್ಲಿ, ಅಕ್ಷರ ಅಕ್ಷರ ಬಿಡಿಸಿ ಹಾಡುವ ರೂಢಿಗೆ ಈ ನೆಲದವರೂ ಒಂದು ಕಾರಣ. ಮೆಚ್ಚಿದರೆ "ವನ್ಸ್‌ಮೋರ್" ಎಂದು ಕೂಗುತ್ತಿದ್ದರು. ಒಂದು ಹಾಡನ್ನು ಎರಡು ಮೂರು ಸಲ ಹಾಡಿಸಿ, ನಾಟಕ ಮುಗಿಯುವಷ್ಟರಲ್ಲಿ ಕೋಳಿ ಕೂಗುತ್ತಿತ್ತು. ಹಂತಿ ಮುಗಿಸಿ ಬಂದ ಒಕ್ಕಲಿಗ, ಗಿರಣಿಯ ಪಾಳಿ ಮುಗಿಸಿ ಬಂದ ಕೂಲಿಕಾರ, ಇವರಿಗೆ ರಾಗದ ಹೆಸರು ಗೊತ್ತಿರಲಿಲ್ಲ. ಆದರೆ ಅಪಸ್ವರ ಬಂದರೆ ಗೊತ್ತಾಗುತ್ತಿತ್ತು.

ಬಾಲಗಂಧರ್ವರ ಹೆಸರು ಹೇಳದೆ ಈ ಲೇಖನ ಪೂರ್ಣವಾಗುವುದಿಲ್ಲ. ನಾರಾಯಣರಾವ ರಾಜಹಂಸ (1888-1967) ಎಂಬುದು ಅವರ ಹೆಸರು. 1911ರಲ್ಲಿ ಖಾಡಿಲಕರರ 'ಮಾನಾಪಮಾನ'ದ ಮೊದಲ ಪ್ರಯೋಗದ ದಿನವೇ ಅವರ ಎಳೆಯ ಮಗಳು ತೀರಿಕೊಂಡಳು. ಟಿಕೇಟು ಕೊಂಡು ಬಂದ ಜನರನ್ನು ಹಿಂದಕ್ಕೆ ಕಳಿಸಬಾರದೆಂದು ಆ ರಾತ್ರಿಯೇ ಬಣ್ಣ ಹಚ್ಚಿ ಭಾಮಿನಿಯ ಪಾತ್ರ ಮಾಡಿದರು. ಅವರ ಕಂಪನಿಯ ವೈಭವ ಕೇಳಬೇಡಿ: ಬೆಲೆಬಾಳುವ ಸೀರೆ, ಗಾಲೀಚೆ, ಅಸಲಿ ಅತ್ತರು. ಆ ವೈಭವಕ್ಕೆ ಸಾಲವೂ ಆಯಿತು. ಆದರೂ ಹಾಡಿ ಹಾಡಿ ಸಾಲ ತೀರಿಸಿದರು. 1921ರ ಜುಲೈ 8ರಂದು ಮುಂಬಯಿಯಲ್ಲಿ ಟಿಳಕ ಸ್ವರಾಜ್ಯ ಫಂಡಿಗಾಗಿ ಬಾಲಗಂಧರ್ವರೂ ಕೇಶವರಾವ ಭೋಸಲೆಯವರೂ ಕೂಡಿ 'ಸಂಯುಕ್ತ ಮಾನಾಪಮಾನ' ಆಡಿದರು. ಅದರ ಟಿಕೇಟು ಬಡವರ ಕೈಗೆ ಎಟುಕುವಂಥದ್ದಲ್ಲ. ಅಂಥ ಒಂದು ರಾತ್ರಿ ಚರಿತ್ರೆಯ ಪುಸ್ತಕದಲ್ಲಿ ಸೇರುತ್ತದೆ. ಉಳಿದ ಸಾವಿರಾರು ರಾತ್ರಿಗಳಲ್ಲಿ ಕಂಪನಿಗಳನ್ನು ಉಳಿಸಿದ ಆಣೆಗಳ ಲೆಕ್ಕ ಯಾವ ಪುಸ್ತಕದಲ್ಲೂ ಸೇರುವುದಿಲ್ಲ. ಅತ್ತರಿನ ವಾಸನೆ ಮುಂದಿನ ಖುರ್ಚಿಯವರಿಗೆ ಸಿಕ್ಕಿರಬಹುದು, ಹಾಡು ಮಾತ್ರ ಎಲ್ಲರಿಗೂ ಒಂದೇ ಸಿಕ್ಕಿತು.

ಇದೇ ಬಾಲಗಂಧರ್ವರ ಕಂಪನಿಗೆ 1930ರ ದಶಕದ ಕೊನೆಗೆ ಬಂದು ನಾಯಕಿಯ ಪಾತ್ರಗಳನ್ನು ಹಾಡಿದ ಗೋಹರಬಾಯಿ ಕರ್ನಾಟಕಿ ನಮ್ಮ ಬೀಳಗಿಯವರು. ಸಿನಿಮಾದಲ್ಲಿ ಹಾಡಿ ದೇಶಕ್ಕೆಲ್ಲ ಹೆಸರಾದ ಅಮೀರಬಾಯಿ ಇವರ ತಂಗಿ. ಬೀಳಗಿಯಂಥ ಸಣ್ಣ ಊರಿನ ಮುಸ್ಲಿಂ ಹೆಣ್ಣುಮಗಳು, ಮನೆಮಾತಿಗಿಂತ ಬೇರೆಯದಾದ ಮರಾಠಿಯಲ್ಲಿ, ಅದೂ ಬಾಲಗಂಧರ್ವರ ಗಾಯಕಿಯನ್ನೇ ಹಾಡಿ ಜನರನ್ನು ಒಪ್ಪಿಸುವುದು ಸಾಮಾನ್ಯ ಮಾತೇ? ಈ ಸಂಬಂಧದ ಬಗ್ಗೆ ಅಂದು ಆಡಿಕೊಂಡವರೂ ಬಹಳ. ಆದರೆ ಹೆಸರಿನ ಮುಂದೆ "ಕರ್ನಾಟಕಿ" ಎಂದು ಇಟ್ಟುಕೊಂಡೇ ಅವರು ಮರಾಠಿ ರಂಗಭೂಮಿಯಲ್ಲಿ ಬಾಳಿದರು.

ನಾವು ಹುಟ್ಟುವ ಹೊತ್ತಿಗೆ ಈ ವೈಭವವೆಲ್ಲ ಮುಗಿದಿತ್ತು. ಅಳಿದುಳಿದದ್ದನ್ನು ನೋಡಿದ್ದು ಒಬ್ಬ ಗೆಳೆಯರ ದೆಸೆಯಿಂದ. ಅವರು ಪಕ್ಕದ ಊರಿನ ಮರಾಠಿ ಶಾಲೆಯ ಮಾಸ್ತರರು. ಸಂಬಳ ಕಡಿಮೆ ಇದ್ದ ಹೊಸ ನೌಕರಿಯ ದಿನಗಳು. ಸಾಂಗ್ಲಿಯ ಭಾವೆ ನಾಟ್ಯಗೃಹದಲ್ಲಿ ಸಂಗೀತ ನಾಟಕ ಇದೆಯೆಂದರೆ ಎಸ್.ಟಿ. ಬಸ್ಸು ಹಿಡಿದು ಹೋಗುತ್ತಿದ್ದೆವು. ಎಲ್ಲಕ್ಕಿಂತ ಕಡಿಮೆಯ ಟಿಕೇಟು, ಅಂದರೆ ಹಿಂದಿನ ಸಾಲು. 'ಸೌಭದ್ರ' ನೋಡುವಾಗ ನಾವು ಪ್ರತಿ ಹಾಡಿನ ಅರ್ಥ ಕೇಳುತ್ತಿದ್ದರೆ ಅವರು ಕೈಯಿಂದಲೇ ತಡೆದು, "ಅರ್ಥ ಆಮ್ಯಾಲೆ ಹೇಳ್ತೀನ್ರಿ ಸರ, ಮೊದಲ ಚಾಲ ಕೇಳ್ರಿ" ಎಂದರು. ಕೇಳುತ್ತ ಕೇಳುತ್ತ ನಮಗೆ ಅರ್ಥ ಬೇಕೆನಿಸಲೇ ಇಲ್ಲ. ಅರ್ಜುನ ಸನ್ಯಾಸಿಯ ವೇಷದಲ್ಲಿ ಬರುವುದು, ಬಲರಾಮ ಮೋಸಹೋಗುವುದು, ಕೃಷ್ಣ ಒಳಗೊಳಗೇ ನಗುವುದು, ಇದೆಲ್ಲ ನಮ್ಮ ಬಯಲಾಟದ ಕಟ್ಟೆಯ ಮೇಲೆ ಕಂಡದ್ದೇ ಆಗಿತ್ತು.

ಜನವರಿಯಲ್ಲಿ ಅದಕ್ಕೆ ಪ್ರತಿಯಾಗಿ ನಾವು ಅವರನ್ನು ಬಾದಾಮಿಯ ಬನಶಂಕರಿ ಜಾತ್ರೆಗೆ ಕರೆದೊಯ್ದೆವು. ಬನದ ಹುಣ್ಣಿವೆಗೆ ತೇರು ಎಳೆದ ಮೇಲೂ ಅಲ್ಲಿ ತಿಂಗಳುಗಟ್ಟಲೆ ನಾಟಕ ಕಂಪನಿಗಳ ಟೆಂಟುಗಳು ಸಾಲಾಗಿ ನಿಂತಿರುತ್ತವೆ. ಹತ್ತು ರೂಪಾಯಿಯ ನೆಲದ ಟಿಕೇಟು ತೆಗೆದು, ಹಾಸಿಕೊಳ್ಳಲು ಟವೆಲ್ಲು, ತಿನ್ನಲು ರೊಟ್ಟಿ, ಕೆಂಪು ಚಟ್ನಿ ಕಟ್ಟಿಕೊಂಡು ಕುಳಿತೆವು. ಅಂದಿನ ನಾಟಕ ಪಿ.ಬಿ. ಧುತ್ತರಗಿಯವರ 'ಮುದುಕನ ಮದುವೆ'. ನಮಗಿಂತ ಮೊದಲು ನಗುತ್ತಿದ್ದವರು ಮರಾಠಿ ಮಾಸ್ತರರು. ಮನೆಮಾತು ಮರಾಠಿಯಾದ ನಿಮಗೆ ಇಷ್ಟು ಬೇಗ ಹೇಗೆ ತಿಳಿಯುತ್ತದೆ ಎಂದು ಕೇಳಿದೆವು. "ಸಣ್ಣಾವ ಇದ್ದಾಗಿಂದ ನಮ್ಮಜ್ಜನ ಕೂಡ ನೆಲದ ಮ್ಯಾಲೆ ಕುಂತು ಕಲ್ತ ಕನ್ನಡ ಐತ್ರಿ ಇದು. ಶಾಲ್ಯಾಗ ಯಾರ ಕಲಿಸ್ಯಾರ ನಮಗ?" ಎಂದರು. ಎಷ್ಟೋ ಗಡಿ ಊರುಗಳಲ್ಲಿ ನೆರೆಭಾಷೆಯನ್ನು ಕಲಿಸಿದ ಶಾಲೆ ಇದೇ ಇರಬೇಕು.

ನಾಟಕ ಮುಗಿದು ಬಸ್ಸಿಗೆ ಕಾಯುತ್ತ ಮಾಸ್ತರರು ಇನ್ನೊಂದು ಮಾತು ತೆಗೆದರು: "ಇದು ನಮ್ಮ 'ಶಾರದಾ' ಇದ್ದಂಗ ಐತಲ್ರಿ ಸರ." ಅವರ ಮಾತಿನಲ್ಲಿ ತಥ್ಯ ಇತ್ತು. ಗೋವಿಂದ ಬಲ್ಲಾಳ ದೇವಲರ 'ಸಂಗೀತ ಶಾರದಾ' 1899ರಲ್ಲಿ ಬಂದ ನಾಟಕ. ದೇವಲರು ಸಾಂಗ್ಲಿ ಹತ್ತಿರದ ಹರಿಪುರದವರು, ಕಿರ್ಲೋಸ್ಕರರ ಶಿಷ್ಯರು. ಹಣವಂತ ಮುದುಕನೊಬ್ಬ ಎಳೆ ಹುಡುಗಿಯನ್ನು ಮದುವೆಯಾಗಲು ಹೊರಡುವುದು, ದುಡ್ಡಿನ ಆಸೆಗೆ ಹೆತ್ತ ತಂದೆಯೇ ಒಪ್ಪುವುದು ಅದರ ವಸ್ತು. ಪುರಾಣದ ಕಥೆಗಳೇ ಆಳುತ್ತಿದ್ದ ಸಂಗೀತ ರಂಗದ ಮೇಲೆ ಊರಮನೆಯ ಕಷ್ಟ ಬಂದು ನಿಂತಿತು. ಬಾಲ್ಯವಿವಾಹ ತಡೆಯುವ 1929ರ ಶಾರದಾ ಕಾಯ್ದೆಗೆ ಈ ನಾಟಕದಿಂದಲೇ ಹೆಸರು ಬಂತೆಂದು ತಿಳಿದವರಿದ್ದಾರೆ. ಅದು ಹಾಗಲ್ಲ, ಮಸೂದೆ ತಂದ ಹರಬಿಲಾಸ ಸಾರಡಾ ಅವರ ಹೆಸರು ಅದಕ್ಕೆ ಬಂದದ್ದು. ಆದರೆ ಜನ ಎರಡನ್ನೂ ಕೂಡಿಸಿಕೊಂಡಿದ್ದರಲ್ಲಿ ನಾಟಕದ ಶಕ್ತಿ ಕಾಣುತ್ತದೆ. ದೇವಲರು ಕಣ್ಣೀರು ಹಾಕಿಸಿದರು, ಧುತ್ತರಗಿಯವರು ನಗಿಸಿದರು. ನೆಲದ ಮೇಲೆ ಮದುವೆ ವಯಸ್ಸಿನ ಮಗಳನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡ ಅಪ್ಪಂದಿರಿಗೆ ಎರಡೂ ಒಂದೇ ಮಾತನ್ನು ಹೇಳಿದವು.

ಮುಂದೆ ಸಿನಿಮಾ ಬಂತು. 1931ರಲ್ಲಿ 'ಆಲಂ ಆರಾ', 1934ರಲ್ಲಿ ಕನ್ನಡದ 'ಸತಿ ಸುಲೋಚನಾ'. ನಾಟಕಕ್ಕಿಂತ ಅಗ್ಗದ ಟಿಕೇಟು, ದಿನಕ್ಕೆ ಎರಡು ಮೂರು ಆಟ. ಬಾಲಗಂಧರ್ವರೇ 1935ರಲ್ಲಿ ಪ್ರಭಾತ ಕಂಪನಿಯ 'ಧರ್ಮಾತ್ಮಾ' ಚಿತ್ರದಲ್ಲಿ ಏಕನಾಥರ ಪಾತ್ರ ಮಾಡಿದರು. ನೆಲದ ಟಿಕೇಟಿನ ಜನ ಸಿನಿಮಾ ಟೆಂಟಿಗೆ ಹೊರಳಿದ ಮೇಲೆ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಮುಂದಿನ ಖುರ್ಚಿಯವರಿಂದ ಅವನ್ನು ಉಳಿಸಲಾಗಲಿಲ್ಲ. 1956ರಲ್ಲಿ ರಾಜ್ಯಗಳ ವಿಂಗಡಣೆಯಾಯಿತು. ಕಿರ್ಲೋಸ್ಕರರು ಮರಾಠಿ ಪಠ್ಯಪುಸ್ತಕಕ್ಕೆ, ಶಾಂತಕವಿಗಳು ಕನ್ನಡ ಪಠ್ಯಪುಸ್ತಕಕ್ಕೆ ಹೋದರು. ಗುರ್ಲಹೊಸೂರು ಕರ್ನಾಟಕದಲ್ಲಿ ಉಳಿಯಿತು, ಸಾಂಗ್ಲಿ ಮಹಾರಾಷ್ಟ್ರದಲ್ಲಿ ಉಳಿಯಿತು. ಒಂದೇ ಕಥೆಯ ಎರಡು ತುಂಡುಗಳನ್ನು ಎರಡು ಕಡೆಯ ಮಕ್ಕಳು ಬೇರೆ ಬೇರೆಯಾಗಿ ಕಲಿಯುತ್ತಿದ್ದಾರೆ.

ಅಳಿದುಳಿದ ಕಂಪನಿಗಳ ಸ್ಥಿತಿ ನೋಡಿದವರಿಗೆ ಗೊತ್ತು. ಜಾತ್ರೆಯ ಟೆಂಟಿನಲ್ಲಿ ಕಾಲ್ಪೆಟ್ಟಿಗೆಯ ಜಾಗಕ್ಕೆ ಕ್ಯಾಶಿಯೋ ಬಂದಿದೆ. ಹಾಡು ಕಡಿಮೆಯಾಗಿ ಎರಡರ್ಥದ ಮಾತು ಹೆಚ್ಚಾಗಿದೆ. ಅದನ್ನೇ ಹಿಡಿದು ನೆಲದ ಪ್ರೇಕ್ಷಕರ ಅಭಿರುಚಿ ಕೆಟ್ಟಿತು ಎನ್ನುವವರಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ಇನ್ನೂರು ಹಾಡಿನ 'ಶಾಕುಂತಲ'ವನ್ನು ಬೆಳಗಿನವರೆಗೆ ಕುಳಿತು ಕೇಳಿದ್ದೂ ಇದೇ ನೆಲ. ಒಳ್ಳೆಯದು ಕೈಗೆಟುಕುವ ದರದಲ್ಲಿ ಸಿಕ್ಕಾಗ ಅದು ಯಾವತ್ತೂ ಬೇಡ ಎಂದಿಲ್ಲ.

ಆದ್ದರಿಂದ ಮಕ್ಕಳ ಪ್ರಶ್ನೆಗೆ ನಾವು ಕೊಡುವ ಉತ್ತರ ಇದು: ಐದನೇ ತಾರೀಖು ಅವರದು, ಅದರಲ್ಲಿ ನಮ್ಮದೂ ಇದೆ. ನಮ್ಮ ಕಂಪನಿ ನಾಟಕ ನಮ್ಮದು, ಅದರಲ್ಲಿ ಅವರದೂ ಇದೆ. ಇದನ್ನು ಹೇಳಲು ಗಡಿಯ ಮಾಸ್ತರರಿಗಿಂತ ಅನುಕೂಲವಾದ ಜಾಗದಲ್ಲಿ ಇನ್ನಾರು ಇದ್ದಾರೆ? ಎರಡೂ ಭಾಷೆಯ ಪುಸ್ತಕ ಓದಬಲ್ಲವರು ನಾವು.

ಓದುಗ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಹತ್ತಿರ ಕುಳಿತು ಕೇಳಿ. ಯಾವ ಕಂಪನಿ ಬಂದಿತ್ತು, ಯಾವ ಭಾಷೆಯ ನಾಟಕ, ಟಿಕೇಟು ಎಷ್ಟಿತ್ತು, ಯಾರ ಜತೆ ಹೋಗಿದ್ದಿರಿ, ಯಾವ ಹಾಡಿಗೆ ವನ್ಸ್‌ಮೋರ್ ಕೂಗಿದಿರಿ ಎಂದು ಕೇಳಿ, ವಹಿಯಲ್ಲಿ ಬರೆದಿಡಿ. ಹಾಡು ನೆನಪಿದ್ದರೆ ಮೊಬೈಲಿನಲ್ಲಿ ಹಿಡಿದಿಡಿ. ಖುರ್ಚಿಯಲ್ಲಿ ಕುಳಿತವರ ಹೆಸರು ಕಂಪನಿಯ ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚಾಗಿ ಉಳಿದಿವೆ. ನೆಲದ ಮೇಲೆ ಕುಳಿತವರ ನೆನಪು ಇನ್ನೂ ಅವರ ಬಾಯಲ್ಲಷ್ಟೇ ಇದೆ.